ಕಡಲ ತೊಟ್ಟಿಗೆ ಇಟ್ಟ ಕಲ್ಲು

ಗೊಬ್ಬೂರಿನ ಹಳೆಯ ದಾಸೋಹಮನೆಯನ್ನು 2022ರಲ್ಲಿ ಬಿಚ್ಚಿ ಹೊಸದಾಗಿ ಕಟ್ಟಿಸಿದ ಸಂಗತಿ ನಿಮಗೆಲ್ಲ ವಿದಿತವೇ ಇದೆ. ಆಗ ಕಿತ್ತು ತೆಗೆದ ನೆಲಗಲ್ಲುಗಳ ತುಂಡುಗಳನ್ನು ನೆನಪಿನ ಕುರುಹೆಂದು ಕೊಂಡೊಯ್ದ ಹಳೆಯ ವಿದ್ಯಾರ್ಥಿಗಳು ನಿಮ್ಮಲ್ಲಿ ಅನೇಕರಿದ್ದೀರಿ. ಕೆಲವರು ಅದನ್ನು ಹೊಸ ಮನೆಯ ಹೊಸ್ತಿಲ ಬಳಿ ಹುದುಗಿಸಿದ್ದೀರಿ, ಕೆಲವರು ಪುಸ್ತಕದ ಕಪಾಟಿನಲ್ಲಿ ಇರಿಸಿಕೊಂಡಿದ್ದೀರಿ. ಅದರಿಂದ ಯಾವ ಬಾಧಕವೂ ಇಲ್ಲ. ಆದರೆ ನಿಮ್ಮಲ್ಲಿ ಯಾರಾದರೂ ಮನೆಯಲ್ಲಿ ಮೀನು ಸಾಕುವವರಿದ್ದು, ಆ ತುಂಡನ್ನು ಮೀನಿನ ತೊಟ್ಟಿಯೊಳಗೆ ಇಟ್ಟಿದ್ದರೆ, ಈ ಲೇಖನವನ್ನು ಮುಂದಕ್ಕೆ ಓದುವ ಮೊದಲು ಎದ್ದುಹೋಗಿ ಅದನ್ನು ಹೊರಗೆ ತೆಗೆಯಿರಿ. ಉಳಿದ ಮಾತನ್ನು ಆಮೇಲೆ ಓದಿದರೂ ನಡೆದೀತು.

ಮಠದ ಮಾಸಪತ್ರಿಕೆಯಲ್ಲಿ ಮೀನಿನ ತೊಟ್ಟಿಯ ವಿಚಾರವೇಕೆಂದು ನಿಮಗೆ ಅನ್ನಿಸಬಹುದು. ನಮ್ಮಿಂದ ಒಂದು ತಪ್ಪು ನಡೆದಿದೆ. ಅದನ್ನು ಇಷ್ಟು ದಿನ ಒಂದು ಮನೆಯ ನಾಲ್ಕು ಗೋಡೆಗಳ ನಡುವೆ ಇರಿಸಿದ್ದೆವು. ಕಲ್ಲಿನ ತುಂಡುಗಳು ಹತ್ತಾರು ಮನೆ ಸೇರಿರುವುದರಿಂದ ಅದು ಇನ್ನು ನಮ್ಮೊಬ್ಬರ ಸಂಗತಿಯಾಗಿ ಉಳಿದಿಲ್ಲ.

ಮೊದಲು ಕಲ್ಲಿನ ಕುರಿತು ಎರಡು ಮಾತು. ಅಫಜಲಪುರ ಸೀಮೆಯ ನೆಲ ಎರೆಭೂಮಿ. ಅದರ ಕೆಳಗಿರುವುದು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾರಸದ ಕರಿಗಲ್ಲು. ನಮ್ಮ ಊರುಗಳ ಬಾವಿ ತೋಡುವವರಿಗೆ ಸಿಗುವುದು ಅದೇ. ದಾಸೋಹಮನೆಗೆ ಹಾಸಿದ್ದ ಕಲ್ಲು ಅದಲ್ಲ. ಅದು ಮೂಡಣದಿಂದ ಬಂದ ಶಹಾಬಾದಿನ ಹಾಸುಗಲ್ಲು, ಅರ್ಥಾತ್ ಸುಣ್ಣಕಲ್ಲು. ನಸುಬೂದಿ ಬಣ್ಣದ ಆ ಕಲ್ಲಿನ ಮೇಲೆ ನಾವು ಬಾಲಕರಾಗಿದ್ದಾಗ ಸಾಲುಗೂಡಿ ಕುಳಿತು ಉಂಡಿದ್ದೇವೆ. ವೈಶಾಖದ ಬಿಸಿಲಿನಲ್ಲಿಯೂ ಅದು ತಣ್ಣಗಿರುತ್ತಿತ್ತು. ಜೋಳದ ರೊಟ್ಟಿಯ ಹಿಟ್ಟು, ಪುಂಡಿಪಲ್ಯದ ಎಣ್ಣೆ, ಸಾರು, ಮಜ್ಜಿಗೆ ಎಲ್ಲವೂ ಅದರ ಮೇಲೆ ಚೆಲ್ಲಿವೆ. ಹಿಂದಿನ ಕಾಲದಲ್ಲಿ ಬೂದಿ ನೀರಿನಿಂದ, ಆಮೇಲೆ ಸೋಡಾಪುಡಿಯಿಂದ, ಇತ್ತೀಚಿನ ವರ್ಷಗಳಲ್ಲಿ ಫಿನಾಯಿಲಿನಿಂದ ಅದನ್ನು ತೊಳೆದಿದ್ದಾರೆ. ಇದನ್ನು ನಾವು ಭಾವುಕತೆಯಿಂದ ಹೇಳುತ್ತಿಲ್ಲ. ಮುಂದೆ ಬರುವ ಸಂಗತಿಗೆ ಈ ಪಟ್ಟಿ ಅವಶ್ಯಕವಾಗಿದೆ.

2023ರ ಫೆಬ್ರವರಿಯಲ್ಲಿ ನಮ್ಮ ಬಲಗಣ್ಣಿನ ಪೊರೆ ತೆಗೆಸುವ ಸಲುವಾಗಿ ಬೆಂಗಳೂರಿಗೆ ಹೋಗಬೇಕಾಯಿತು. ನಮ್ಮ ವಿದ್ಯಾರ್ಥಿನಿಲಯದಲ್ಲಿ ಓದಿ, ಮುಂದೆ ಇಂಜಿನಿಯರಾಗಿ, ಅಲ್ಲಿಯೇ ನೆಲೆಸಿರುವ ಶಿಷ್ಯರೊಬ್ಬರು ತಮ್ಮ ಮನೆಯಲ್ಲಿಯೇ ಹದಿನೈದು ದಿನ ಬಿಡಾರ ಮಾಡಬೇಕೆಂದು ಹಟ ಹಿಡಿದರು. ಬರಿಗೈಯಲ್ಲಿ ಹೋಗುವುದು ಹೇಗೆ? ಒಂದು ಗೇಣು ಚೌಕದ, ಸುಮಾರು 5 ಕಿಲೋ ತೂಕದ ನೆಲಗಲ್ಲಿನ ತುಂಡೊಂದನ್ನು ಶುಭ್ರವಾದ ವಸ್ತ್ರದಲ್ಲಿ ಕಟ್ಟಿಸಿ ರೈಲಿನಲ್ಲಿ ನಮ್ಮೊಡನೆ ಒಯ್ದೆವು. ಅವರು ಐದನೆಯ ತರಗತಿಯಿಂದ ಹತ್ತನೆಯದರವರೆಗೆ ಅದರ ಮೇಲೆ ಉಂಡವರು. ಕಲ್ಲನ್ನು ಕಂಡೊಡನೆ ಅವರ ಕಣ್ಣು ತುಂಬಿ ಬಂದವು.

ಅವರ ಮನೆಯ ನಡುಮನೆಯಲ್ಲಿ ನಾಲ್ಕು ಅಡಿ ಉದ್ದದ ಒಂದು ಗಾಜಿನ ತೊಟ್ಟಿ ಇತ್ತು. ಮೀನಿನ ತೊಟ್ಟಿಯನ್ನು ನಾವು ಮುಂಚೆ ಕಂಡಿಲ್ಲವೆಂದಲ್ಲ. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ದಿನಗಳಲ್ಲಿ ಒಮ್ಮೆ ಬೆಂಗಳೂರಿಗೆ ಬಂದಾಗ ಕಬ್ಬನ್ ಉದ್ಯಾನದ ಮತ್ಸ್ಯಾಲಯವನ್ನು ನೋಡಿದ್ದುಂಟು. ಆದರೆ ಈ ತೊಟ್ಟಿಯಲ್ಲಿದ್ದುದು ಸಿಹಿನೀರಲ್ಲ, ಉಪ್ಪುನೀರು. ಕಡಲಿನಿಂದ ತಂದದ್ದೂ ಅಲ್ಲ. ಶೋಧಿಸಿದ ನೀರಿಗೆ ಲೀಟರಿಗೆ 35 ಗ್ರಾಂ ಪ್ರಮಾಣದಲ್ಲಿ ವಿಶೇಷವಾದ ಲವಣವನ್ನು ಬೆರೆಸಿ ಅವರೇ ತಯಾರಿಸಿದ ಕಡಲು. 300 ಲೀಟರಿನ ತೊಟ್ಟಿಗೆ ಹತ್ತೂವರೆ ಕಿಲೋ ಲವಣ. ಅಡುಗೆಯ ಉಪ್ಪಿನಿಂದ ಇದು ಆಗದು. ಸಮುದ್ರದ ನೀರಿನಲ್ಲಿ ಮ್ಯಾಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮೊದಲಾದವು ಇರುವ ಹದದಲ್ಲಿಯೇ ಇದರಲ್ಲಿಯೂ ಇರಬೇಕು. ನೀರಿನ ವಿಶಿಷ್ಟ ಗುರುತ್ವ 1.025ರ ಆಸುಪಾಸಿನಲ್ಲಿ, ಉಷ್ಣತೆ 25 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲಬೇಕು. ಆರು ವರ್ಷಗಳಿಂದ ಆ ಮನೆಯವರು ಇದನ್ನು ನಿಲ್ಲಿಸಿಕೊಂಡು ಬಂದಿದ್ದರು.

ತೊಟ್ಟಿಯಲ್ಲಿ ಕಿತ್ತಳೆ ಬಣ್ಣದ ಮೈಮೇಲೆ ಬಿಳಿಯ ಪಟ್ಟೆಗಳುಳ್ಳ ಎರಡು ಕ್ಲೌನ್ ಮೀನುಗಳಿದ್ದವು. ನಸುಹಸುರಿನ ಕ್ರೋಮಿಸ್ ಎಂಬ ಸಣ್ಣ ಮೀನುಗಳು ಮೂರು, ಮರಳಿನಲ್ಲಿ ಬಿಲ ಮಾಡಿಕೊಂಡ ಗೋಬಿ ಮೀನು ಒಂದು, ಉದ್ದ ಮೀಸೆಯ ಕೆಂಪು ಸೀಗಡಿ ಒಂದು, ಕೆಲವು ಬಸವನಹುಳುಗಳು. ನಡುವೆ ಕಲ್ಲುಗಳ ಒಂದು ಪುಟ್ಟ ಬೆಟ್ಟ. ಆ ಕಲ್ಲುಗಳಿಗೆ ನೇರಳೆ ಬಣ್ಣದ ಹೊದಿಕೆ ಬಂದಿತ್ತು. ಅದು ಬಣ್ಣ ಬಳಿದುದಲ್ಲ, ಸುಣ್ಣವನ್ನು ಕಟ್ಟಿಕೊಂಡು ಕಲ್ಲಿನ ಮೇಲೆ ಹಬ್ಬುವ ಒಂದು ಬಗೆಯ ಪಾಚಿ ಎಂದು ಶಿಷ್ಯರ ಮಗಳು ತಿಳಿಸಿದಳು. ಆಗ ಅವಳಿಗೆ ಒಂಬತ್ತು ವರ್ಷ. ತೊಟ್ಟಿಗೆ ಸಂಬಂಧಿಸಿದಂತೆ ಆ ಮನೆಯಲ್ಲಿ ಅವಳ ಮಾತೇ ಮಾತು. ಪ್ರತಿ ಭಾನುವಾರ ನೀರಿನ ಪರೀಕ್ಷೆ ಮಾಡಿ ಒಂದು ನೋಟುಪುಸ್ತಕದಲ್ಲಿ ಬರೆದಿಡುವವಳು ಅವಳೇ.

ಶಿಷ್ಯರು ಬಹಳ ದಿನಗಳಿಂದ ತೊಟ್ಟಿಗೆ ಇನ್ನಷ್ಟು ಕಲ್ಲು ಸೇರಿಸಬೇಕೆಂದು ಯೋಚಿಸುತ್ತಿದ್ದರಂತೆ. ನಮ್ಮ ತುಂಡನ್ನು ಕೈಯಲ್ಲಿ ಹಿಡಿದು, 'ಇದು ಸುಣ್ಣಕಲ್ಲೇ ಅಲ್ಲವೆ, ಕಡಲಿನ ತಳದಲ್ಲಿ ಹುಟ್ಟಿದ್ದೇ ಅಲ್ಲವೆ' ಎಂದರು. ಹೌದೆಂದೆವು. ಆಗ ಆ ಮಗು ನಡುವೆ ಬಂದು, 'ಅಪ್ಪಾರ, ಹಂಗ ಇಡಬಾರದರೀ. ಮೊದಲ ಬ್ಯಾರೆ ಉಪ್ಪುನೀರಾಗ ತಿಂಗಳಗಟ್ಟಲೆ ಇಟ್ಟು ನೋಡಬೇಕು' ಎಂದಿತು. ಬೆಂಗಳೂರಿನಲ್ಲಿ ಬೆಳೆದರೂ ನಮ್ಮ ಕಡೆಯ ಮಾತನ್ನು ಅವರಜ್ಜಿ ಅವಳ ನಾಲಗೆಯಲ್ಲಿ ಉಳಿಸಿದ್ದರು.

ನಾವು ನಕ್ಕೆವು. 'ಸಾವಿರಾರು ಮಂದಿ ಪ್ರಸಾದ ಸ್ವೀಕರಿಸಿದ ಕಲ್ಲು ಇದು ಮಗೂ, ಇದರಿಂದ ಏನಾದೀತು?' ಎಂದೆವು. ನಾವು ಆಡಿದ ಮಾತು ಇದೇ. ಒಂದಕ್ಷರವನ್ನೂ ಬದಲಿಸದೆ ಇಲ್ಲಿ ಬರೆದಿದ್ದೇವೆ. ಶಿಷ್ಯರು ಮಗಳನ್ನು ಕಣ್ಣಿನಿಂದಲೇ ಸುಮ್ಮನಾಗಿಸಿದರು. ಕಲ್ಲನ್ನು ಮೂರು ಸಲ ನಲ್ಲಿಯ ನೀರಿನಲ್ಲಿ ತೊಳೆದು, ಸಾಯಂಕಾಲ ತೊಟ್ಟಿಯ ಎಡಮೂಲೆಯಲ್ಲಿ ಇಟ್ಟರು. ನಮ್ಮ ಕೈಯಿಂದ ಮುಟ್ಟಿಸಿಯೇ ಇಟ್ಟರು.

ಮರುದಿನ ನಮ್ಮ ಶಸ್ತ್ರಕ್ರಿಯೆ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಹಿಂದಿರುಗಿ ಮಲಗಿದ್ದೆವು. ಅದರ ಮರುದಿನ ಬೆಳಗಿನ ಜಾವದಲ್ಲಿ ಮಗು ಅಳುವ ಸದ್ದು ಕೇಳಿಸಿತು. ಬಸವನಹುಳುಗಳು ಗಾಜಿನಿಂದ ಕಳಚಿ ಮರಳಿನ ಮೇಲೆ ಬಿದ್ದಿದ್ದವು. ಸೀಗಡಿ ಮಗ್ಗುಲಾಗಿತ್ತು. ಅವಳು ಪರೀಕ್ಷಾನಳಿಕೆಯಲ್ಲಿ ನೀರು ತುಂಬಿ ದ್ರಾವಣದ ಹನಿಗಳನ್ನು ಹಾಕಿದಳು. ಹಳದಿಯಾಗಿಯೇ ಉಳಿಯಬೇಕಾಗಿದ್ದ ನೀರು ಹಸುರಾಯಿತು. ಅಮೋನಿಯ. ಕೂಡಲೆ ಕಲ್ಲನ್ನು ಹೊರತೆಗೆದು ನೀರು ಬದಲಿಸತೊಡಗಿದರು. ಆದರೆ ಲವಣ ಬೆರೆಸಿ ಸಿದ್ಧವಾಗಿದ್ದ ನೀರು ಮನೆಯಲ್ಲಿ 60 ಲೀಟರು ಮಾತ್ರ ಇತ್ತು. ಹೊಸದಾಗಿ ಬೆರೆಸಿದ ಉಪ್ಪುನೀರು ಹದಕ್ಕೆ ಬರುವುದಕ್ಕೆ ಹೊತ್ತು ಬೇಕು. ಇದ್ದಿಲಿನ ಚೀಲವನ್ನು ನೀರಿನ ಹರಿವಿನಲ್ಲಿ ಇಟ್ಟರು. ಸಂಜೆಯ ಹೊತ್ತಿಗೆ ಮೂರು ಕ್ರೋಮಿಸ್ ಮೀನುಗಳೂ, ರಾತ್ರಿ ಕ್ಲೌನ್ ಜೋಡಿಯಲ್ಲಿ ದೊಡ್ಡದೂ ಸತ್ತವು. ನಾವು ಒಂದೇ ಕಣ್ಣಿನಿಂದ, ಅದೂ ಮಂಜುಮಂಜಾಗಿ, ಗೋಡೆಗೆ ಒರಗಿ ಕುಳಿತು ಇದನ್ನೆಲ್ಲ ನೋಡಿದೆವು.

ಶಿಷ್ಯರು 'ಹೋಗಲಿ ಬಿಡ್ರಿ ಅಪ್ಪಾರ, ಮೀನು ಮತ್ತ ತಂದರಾತು' ಎಂದರು. ನಿಮಗೆ ಗೊತ್ತಿದ್ದೂ ಏಕೆ ತಡೆಯಲಿಲ್ಲವೆಂದು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ನೀವು ಕೊಟ್ಟದ್ದಕ್ಕ ಬ್ಯಾಡ ಅನ್ನೋದು ಹ್ಯಾಂಗರೀ?' ಎಂದರು. ಇಪ್ಪತ್ತೈದು ವರ್ಷಗಳಿಂದ ಪೀಠದಲ್ಲಿ ಕುಳಿತು ಎಷ್ಟು ಮಂದಿಗೆ ಎಷ್ಟು ಸಲಹೆ ಕೊಟ್ಟಿದ್ದೇವೆ! ಹೊಲದ ಪಾಲು, ಮಗಳ ಮದುವೆ, ಕೊಳವೆಬಾವಿಯ ಜಾಗ ಹೀಗೆ ಎಷ್ಟೋ ವಿಷಯಗಳಲ್ಲಿ ನಮ್ಮ ಮಾತು ಕೇಳಿ ತಲೆಬಾಗಿ ಹೋದವರಲ್ಲಿ ಎಷ್ಟು ಮಂದಿಗೆ ಬೇಡವೆನ್ನಲು ಬಾಯಿ ಬರಲಿಲ್ಲವೋ ಎಂಬ ಲೆಕ್ಕ ಆ ರಾತ್ರಿ ನಿದ್ರೆ ಬಾರದೆ ತಲೆಯಲ್ಲಿ ಓಡಿತು. ಮೀನುಗಳಾದರೋ ಗಾಜಿನ ಹಿಂದೆ ಇದ್ದವು, ಕಣ್ಣಿಗೆ ಬಿದ್ದವು.

ಮಗು ನಮ್ಮೊಡನೆ ಮಾತು ಬಿಟ್ಟಿತು. ಮೂರನೆಯ ದಿನ ನಾವೇ ಅವಳ ಬಳಿಗೆ ಹೋಗಿ, ನೀನು ಹೇಳಿದ್ದೇ ಸರಿ, ನಾವು ತಿಳಿಯದೆ ಆಡಿದೆವು, ಈಗ ನಮಗೆ ಕಲಿಸು ಎಂದು ಕೇಳಿಕೊಂಡೆವು. ಅವಳು ತನ್ನ ನೋಟುಪುಸ್ತಕವನ್ನು ತಂದು ನಮ್ಮ ಮುಂದೆ ಇಟ್ಟಳು.

ಅವಳಿಂದಲೂ, ಊರಿಗೆ ಬಂದ ಬಳಿಕ ಓದಿದ ಪುಸ್ತಕಗಳಿಂದಲೂ ತಿಳಿದುಕೊಂಡುದನ್ನು ನಿಮಗೆ ಹೇಳುತ್ತೇವೆ. ಮೀನಿನ ಕಿವಿರುಗಳಿಂದಲೂ ಮಲದಿಂದಲೂ ಉಳಿದ ಆಹಾರದಿಂದಲೂ ನೀರಿಗೆ ಸದಾಕಾಲ ಅಮೋನಿಯ ಸೇರುತ್ತಿರುತ್ತದೆ. ಅದು ವಿಷ. ಕಡಲಿನ ನೀರಿನ ಪಿ.ಎಚ್. 8.1ರಿಂದ 8.3ರಷ್ಟು ಇರುವುದರಿಂದ, ಅದೇ ಪ್ರಮಾಣದ ಅಮೋನಿಯ ಮೆತ್ತನೆಯ ಸಿಹಿನೀರಿಗಿಂತ ಉಪ್ಪುನೀರಿನಲ್ಲಿ ಹೆಚ್ಚು ಘಾತಕ. ಇದನ್ನು ನುಂಗಿಕೊಳ್ಳುವವು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು. ಒಂದು ಬಗೆಯವು ಅಮೋನಿಯವನ್ನು ನೈಟ್ರೈಟ್ ಆಗಿಸುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿಸುತ್ತವೆ. ಇವು ಒಂದರ ಹಿಂದೊಂದು ದುಡಿಯುವ ಎರಡು ಪಂಗಡಗಳೆಂಬುದನ್ನು 1890ರ ಸುಮಾರಿಗೆ ರಷ್ಯದ ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿ ತೋರಿಸಿಕೊಟ್ಟನು. ನಮ್ಮ ಹೊಲಗಳ ಎರೆಮಣ್ಣಿನಲ್ಲಿ ನಡೆಯುವ ಕಾರ್ಯವೂ ಇದೇ. ನೈಟ್ರೇಟು ಬಹುಮಟ್ಟಿಗೆ ನಿರಪಾಯಕಾರಿ, ನೀರು ಬದಲಿಸಿದರೆ ಕಡಿಮೆಯಾಗುತ್ತದೆ. ಈ ಬ್ಯಾಕ್ಟೀರಿಯಗಳ ವಾಸ ನೀರಿನಲ್ಲಿ ಅತ್ಯಲ್ಪ. ಅವು ಮನೆಮಾಡಿಕೊಂಡಿರುವುದು ಕಲ್ಲಿನ ಮೈಯಲ್ಲಿ, ಮರಳಿನ ಕಣಗಳ ಮೇಲೆ. ಕಲ್ಲು ಸಚ್ಛಿದ್ರವಾಗಿದ್ದರೆ, ಆಮ್ಲಜನಕ ತಲುಪದ ಅದರ ಒಳಗರ್ಭದಲ್ಲಿ ಮತ್ತೊಂದು ಪಂಗಡ ನೆಲಸಿ ನೈಟ್ರೇಟನ್ನೂ ಒಡೆದು ಸಾರಜನಕವನ್ನು ಗಾಳಿಗೆ ಬಿಡುತ್ತದೆ. ಆದ್ದರಿಂದ ತೊಟ್ಟಿಯಲ್ಲಿ ನಾವು ಶೋಭೆಗೆಂದು ತಿಳಿದ ಆ ಕಲ್ಲಿನ ಬೆಟ್ಟವೇ ಅದರ ಜೀವಾಳ.

ಆರು ವರ್ಷಗಳ ತೊಟ್ಟಿಯಲ್ಲಿ ಹುಟ್ಟುವ ಅಮೋನಿಯಕ್ಕೂ ಅದನ್ನು ತಿನ್ನುವ ಬ್ಯಾಕ್ಟೀರಿಯಗಳಿಗೂ ಲೆಕ್ಕ ಸರಿಹೋಗಿರುತ್ತದೆ. ಹತ್ತು ಮಂದಿಗೆ ಹತ್ತು ಮಂದಿಯ ಅಡುಗೆ. ಅಲ್ಲಿಗೆ ನಾವು ಇಟ್ಟ ಕಲ್ಲು ಏನನ್ನು ಹೊತ್ತು ತಂದಿತ್ತು? ಮೇಲಿನ ಪಟ್ಟಿಯನ್ನು ನೆನಪಿಗೆ ತಂದುಕೊಳ್ಳಿರಿ. ಬಿರುಕುಗಳಲ್ಲಿ ಸೇರಿದ ಜಿಡ್ಡು, ಸೋಡಾ, ಫಿನಾಯಿಲು. ಹಿಂಬದಿಯಲ್ಲಿ ಅಂಟಿಕೊಂಡಿದ್ದ ಹಳೆಯ ಗಾರೆ. ನಲ್ಲಿಯ ನೀರಿನಲ್ಲಿ ಮೂರು ಸಲ ತೊಳೆದರೆ ಹೋಗುವಂಥವೇ ಇವು? ಬಸವನಹುಳುಗಳಂಥ, ಮರಳಿನೊಳಗಿನ ಹುಳುಗಳಂಥ ಸೂಕ್ಷ್ಮ ಜೀವಿಗಳು ಮೊದಲು ಸತ್ತವು. ಸತ್ತವು ಕೊಳೆತು ಅಮೋನಿಯವನ್ನು ಹೆಚ್ಚಿಸಿದವು. ಹತ್ತು ಮಂದಿಯ ಪಂಕ್ತಿಗೆ ನೂರು ಮಂದಿಯ ಎಂಜಲು ಬಂದುಬಿದ್ದಿತು.

ಇಷ್ಟೇ ಅಲ್ಲ. ಆ ಕಲ್ಲು ಶುದ್ಧವಾಗಿದ್ದರೂ ತೊಟ್ಟಿಗೆ ಹೆಚ್ಚು ಪ್ರಯೋಜನವಾಗುತ್ತಿರಲಿಲ್ಲ. ಶಹಾಬಾದಿನ ಕಲ್ಲು ಕಡಲಿನ ತಳದಲ್ಲಿ ಹುಟ್ಟಿದ್ದೆಂಬುದು ನಿಜವೇ. ಭೀಮಾ ಕಣಿವೆಯ ಸುಣ್ಣಕಲ್ಲುಗಳೆಲ್ಲ ಪುರಾತನವಾದ ಆಳವಿಲ್ಲದ ಸಮುದ್ರವೊಂದರಲ್ಲಿ ಪದರಪದರವಾಗಿ ಕೂಡಿದವು. ಆದರೆ ಆ ಸಮುದ್ರದಲ್ಲಿ ಮೀನು ಇರಲಿಲ್ಲ, ಹವಳ ಇರಲಿಲ್ಲ, ಶಂಖಚಿಪ್ಪುಗಳೂ ಇರಲಿಲ್ಲ. ಅವು ಭೂಮಿಯ ಮೇಲೆ ಕಾಣಿಸಿಕೊಳ್ಳುವುದಕ್ಕಿಂತ ಮುಂಚಿನ ಕಡಲು ಅದು. ಹವಳದ ದಿಬ್ಬದ ಕಲ್ಲು ಜೇನುಗೂಡಿನಂತೆ ತೂತುತೂತಾಗಿದ್ದರೆ, ಇದು ಒತ್ತಿ ಗಟ್ಟಿಯಾಗಿ ಹಾಳೆಯಂತೆ ಸೀಳುವ ಕಲ್ಲು. ನೆಲಕ್ಕೆ ಹಾಸಲು ಅದು ಶ್ರೇಷ್ಠವಾಗಿರುವುದೇ ಅದರೊಳಗೆ ನೀರು ಸುಲಭವಾಗಿ ಇಳಿಯದ ಕಾರಣದಿಂದ. ಬ್ಯಾಕ್ಟೀರಿಯಗಳಿಗೆ ಬೇಕಾದುದು ಅದಕ್ಕೆ ವಿರುದ್ಧವಾದ ಗುಣ.

ಹಾಗಾದರೆ ಯಾವ ಕಲ್ಲು? ಹಿಂದೆ ಈ ಹವ್ಯಾಸದವರು ಕಡಲಿನ ದಿಬ್ಬಗಳಿಂದಲೇ ಜೀವಂತ ಕಲ್ಲುಗಳನ್ನು ತರಿಸಿಕೊಳ್ಳುತ್ತಿದ್ದರು. 1960ರ ದಶಕದ ಆದಿಯಲ್ಲಿ ಇಂಡೊನೇಷಿಯದ ಲೀ ಚಿನ್ ಎಂಗ್ ಎಂಬವರು ಅಂಥ ಕಲ್ಲುಗಳನ್ನು ತೊಟ್ಟಿಯಲ್ಲಿಟ್ಟು, ಗಾಳಿಯ ಗುಳ್ಳೆಗಳಲ್ಲದೆ ಬೇರೆ ಶೋಧಕಯಂತ್ರವಿಲ್ಲದೆ ಮೀನುಗಳನ್ನು ಬದುಕಿಸಿ ತೋರಿಸಿದರು. ಆ ಪದ್ಧತಿ ಜಗತ್ತಿನಾದ್ಯಂತ ಹಬ್ಬಿತು. ಕಡಲಿನ ದಿಬ್ಬಗಳು ಬರಿದಾಗತೊಡಗಿದವು. ನಮ್ಮ ದೇಶದಲ್ಲಿ 2001ರಲ್ಲಿ ಹವಳಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಹುಲಿಗೆ ಇರುವ ರಕ್ಷಣೆಯೇ ಹವಳಕ್ಕೂ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಇರುವ ಹವಳವನ್ನಾಗಲಿ, ಲಕ್ಷದ್ವೀಪದ ಹವಳವನ್ನಾಗಲಿ ಒಡೆದು ತರುವುದು ಅಪರಾಧ. ಪ್ರವಾಸಕ್ಕೆ ಹೋಗುವ ಭಕ್ತರು ಇದನ್ನು ಮರೆಯಬಾರದು.

ಆದಕಾರಣ ಇಂದು ಬಳಕೆಯಲ್ಲಿರುವುದು ಒಣಕಲ್ಲು. ಕೆಲವು ದೇಶಗಳಲ್ಲಿ ಕಡಲು ಹಿಂದೆ ಸರಿದು ನೆಲದ ಮೇಲೆ ಉಳಿದ ಪುರಾತನ ಹವಳದಿಬ್ಬಗಳುಂಟು. ಅಮೆರಿಕದ ಫ್ಲಾರಿಡಾದ ದಕ್ಷಿಣದ ದ್ವೀಪಗಳು ಅಂಥವೇ, ಒಂದು ಲಕ್ಷ ವರ್ಷಗಳಿಗೂ ಮಿಕ್ಕ ಹಳೆಯವು. ಅಂತಹ ನೆಲದಿಂದ ತೆಗೆದ ಕಲ್ಲೂ ಉಂಟು, ಮಣ್ಣನ್ನು ಸುಟ್ಟು ರಂಧ್ರಗಳಿರುವಂತೆ ಮಾಡಿದ ಕೃತಕ ಕಲ್ಲೂ ಉಂಟು. ಶಿಷ್ಯರು ಎರಡನೆಯ ಬಗೆಯದನ್ನು ಆರಿಸಿದರು. ಮೊದಲನೆಯದು ಎಲ್ಲಿಂದ ಬಂತೆಂಬುದಕ್ಕೆ ಅಂಗಡಿಯವನ ಮಾತನ್ನಲ್ಲದೆ ಬೇರೆ ಆಧಾರವಿಲ್ಲವೆಂಬುದು ಅವರ ವಾದ. ಅದು ನಮಗೂ ಒಪ್ಪಿಗೆಯಾಯಿತು.

ಜೂನ್ ತಿಂಗಳಿನಲ್ಲಿ 12 ಕಿಲೋ ಒಣಕಲ್ಲು ಮನೆಗೆ ಬಂದಿತು. ಈ ಸಲ ಅವಸರ ಪಡಲಿಲ್ಲ. ಮೊದಲು ಸಿಹಿನೀರಿನಲ್ಲಿ ಗಡುಸು ಕುಂಚದಿಂದ ಉಜ್ಜಿ, ನಾಲ್ಕು ದಿನ ನೀರು ಬದಲಿಸುತ್ತ ನೆನೆಸಿಟ್ಟರು. ಕೆಲವರು ಕಲ್ಲನ್ನು ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಅದ್ದಿ ಮೇಲ್ಪದರವನ್ನು ಕರಗಿಸುತ್ತಾರೆಂದು ಓದಿದ್ದೇವೆ. ಸುಣ್ಣಕಲ್ಲಿನ ಮೇಲ್ಮೈಗೆ ಹಿಡಿದ ಫಾಸ್ಫೇಟು ಅದರಿಂದ ಹೋಗುವುದು ನಿಜ. ಆದರೆ ಅದರ ಹೊಗೆ ಕಣ್ಣಿಗೂ ಶ್ವಾಸಕ್ಕೂ ಅಪಾಯ. ಮಕ್ಕಳಿರುವ ಮನೆಯಲ್ಲಿ ಆ ಗೊಡವೆ ಸರ್ವಥಾ ಬೇಡ. ಆಮೇಲೆ ಬಚ್ಚಲಿನ ಪಕ್ಕದಲ್ಲಿ ಮುಚ್ಚಳವಿರುವ ಒಂದು ದೊಡ್ಡ ಪ್ಲಾಸ್ಟಿಕ್ ಪೀಪಾಯಿಯನ್ನಿಟ್ಟು, ತೊಟ್ಟಿಯಲ್ಲಿರುವಷ್ಟೇ ಉಪ್ಪು, ಅಷ್ಟೇ ಉಷ್ಣತೆಯ ನೀರು ತುಂಬಿ, ನೀರನ್ನು ಸುತ್ತಿಸುವ ಸಣ್ಣ ಪಂಪನ್ನು ಇಳಿಬಿಟ್ಟು, ಕಲ್ಲುಗಳನ್ನು ಅದರಲ್ಲಿ ಇಟ್ಟರು. ಬೆಳಕು ಬಿದ್ದರೆ ಹಸುರು ಪಾಚಿ ಹಬ್ಬುತ್ತದೆ, ಆದುದರಿಂದ ಕತ್ತಲೆಯಲ್ಲಿಯೇ ಇರಬೇಕು.

ಇಷ್ಟಾದರೂ ಕಲ್ಲು ಸತ್ತ ಕಲ್ಲೇ. ಅದಕ್ಕೆ ಜೀವ ಬರುವುದು ಹೇಗೆ? ಹಾಲಿಗೆ ಹೆಪ್ಪು ಹಾಕುವಂತೆಯೇ. ಹಳೆಯ ತೊಟ್ಟಿಯಿಂದ ಮುಷ್ಟಿಗಾತ್ರದ ಒಂದು ಕಲ್ಲನ್ನು ತೆಗೆದು ಪೀಪಾಯಿಯೊಳಗೆ ಇಟ್ಟರು. ಅದರಲ್ಲಿದ್ದ ಬ್ಯಾಕ್ಟೀರಿಯಗಳಿಗೆ ಆಹಾರ ಬೇಕಲ್ಲವೆ, ಅದಕ್ಕಾಗಿ ಮೂರು ದಿನಕ್ಕೊಮ್ಮೆ ಒಂದು ಚಿಟಿಕೆ ಮೀನಿನ ಆಹಾರವನ್ನು ಹಾಕಿದರು. ಮೀನಿಲ್ಲದ ಪೀಪಾಯಿಗೆ ಮೀನಿನ ಆಹಾರ! ಇದನ್ನು ದೂರವಾಣಿಯಲ್ಲಿ ಕೇಳಿದಾಗ ನಗು ಬಂದರೂ ಈ ಸಲ ಬಾಯಿ ಬಿಡಲಿಲ್ಲ.

ಪ್ರತಿ ಭಾನುವಾರ ರಾತ್ರಿ ಮಗು ಗೊಬ್ಬೂರಿಗೆ ಕರೆ ಮಾಡಿ ಅಂಕಿಗಳನ್ನು ಒಪ್ಪಿಸುತ್ತಿತ್ತು. ಮೊದಲನೆಯ ವಾರ ಅಮೋನಿಯ ಏರಿತು. ಮೂರನೆಯ ವಾರ ಅದು ಇಳಿದು ನೈಟ್ರೈಟು ಏರಿತು. ಐದನೆಯ ವಾರ ನೈಟ್ರೈಟೂ ಇಳಿಯತೊಡಗಿತು. ಆರನೆಯ ವಾರ ಶಿಷ್ಯರು, ಎರಡೂ ಸೊನ್ನೆಯಾಗಿವೆ, ಇನ್ನು ಇಡಬಹುದಲ್ಲವೆ ಎಂದು ನಮ್ಮನ್ನು ಕೇಳಿದರು. ನಮ್ಮನ್ನೇಕೆ ಕೇಳುತ್ತೀರಿ, ಮಗಳನ್ನು ಕೇಳಿರಿ ಎಂದೆವು. ಆಹಾರ ಹಾಕಿದ ಮರುದಿನವೂ ಸೊನ್ನೆ ಬರಬೇಕು, ಅದೂ ಎರಡು ವಾರ ಸತತವಾಗಿ ಬರಬೇಕು, ಫಾಸ್ಫೇಟು ಇನ್ನೂ ಹೆಚ್ಚಿದೆ ಎಂದು ಅವಳು ತೀರ್ಪು ಕೊಟ್ಟಳು. ಒಣಕಲ್ಲು ತನ್ನೊಳಗಿನ ಫಾಸ್ಫೇಟನ್ನು ಒಮ್ಮೆಲೆ ಬಿಡುವುದಿಲ್ಲ, ತಿಂಗಳುಗಟ್ಟಲೆ ಸೋರಿಸುತ್ತದೆ, ಪಾಚಿಗೆ ಅದೇ ಗೊಬ್ಬರ. ಪೀಪಾಯಿಯ ನೀರನ್ನು ಪೂರ್ತಿ ಚೆಲ್ಲಿ ಹೊಸ ಉಪ್ಪುನೀರು ತುಂಬಿದ್ದು ಮೂರು ಸಲ. ಹೊಸ ಗಡಿಗೆಯನ್ನು ನೀರಿನಲ್ಲಿ ನೆನೆಸಿ, ಗಂಜಿ ಕುದಿಸಿ, ಹದಮಾಡಿದ ಮೇಲೆಯೇ ಅಡುಗೆಗೆ ಹಚ್ಚುತ್ತಿದ್ದ ನಮ್ಮ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿರಲಿಲ್ಲ.

ಕೊನೆಗೆ ಸೆಪ್ಟೆಂಬರಿನಲ್ಲಿ ಕಲ್ಲು ತೊಟ್ಟಿಗೆ ಇಳಿಯಿತು. 12 ಕಿಲೋವನ್ನು ಒಮ್ಮೆಲೆ ಇಡಲಿಲ್ಲ. ಒಂದು ಸಲಕ್ಕೆ 3 ಕಿಲೋದಂತೆ, ಎರಡೆರಡು ವಾರಗಳ ಅಂತರದಲ್ಲಿ ನಾಲ್ಕು ಕಂತು. ಪ್ರತಿ ಕಂತಿನ ಮರುದಿನ, ಮೂರನೆಯ ದಿನ, ಏಳನೆಯ ದಿನ ಅಮೋನಿಯದ ಪರೀಕ್ಷೆ. ಕಲ್ಲು ಮುಳುಗಿದಾಗ ನೀರು ಮೇಲೇರಿ ಚೆಲ್ಲದಂತೆ ಮುಂಚೆಯೇ ಅಷ್ಟು ನೀರನ್ನು ತೆಗೆದಿಡಬೇಕು. ಹಳೆಯ ಮರಳನ್ನು ಕೆದಕಬಾರದು. ಆಳದ ಮರಳಿನಲ್ಲಿ ವರ್ಷಗಳಿಂದ ಸೇರಿದ ಕೊಳೆ ಒಮ್ಮೆಲೆ ಮೇಲೆದ್ದರೆ ಕಲ್ಲಿನ ತಪ್ಪಿಲ್ಲದೆಯೇ ಮೀನು ಸಾಯುತ್ತವೆ. ಬಿಲ ತೋಡುವ ಮೀನಿರುವ ತೊಟ್ಟಿಯಲ್ಲಿ ಕಲ್ಲನ್ನು ಮರಳಿನ ಮೇಲೆ ಹಗುರಾಗಿ ಇಡುವುದೂ ಸಲ್ಲದು. ಅದು ಅಡಿಯನ್ನು ತೋಡಿದರೆ ಕಲ್ಲು ಜಾರಿ ಗಾಜಿಗೆ ಬಡಿಯುತ್ತದೆ. ಹೊಸ ಕಲ್ಲು ಹಳೆಯ ಗಟ್ಟಿ ಕಲ್ಲುಗಳ ಮೇಲೆಯೇ ಅಲುಗದಂತೆ ಕೂಡಬೇಕು. ಹಳೆಯದನ್ನು ಕಿತ್ತು ಹೊಸದಕ್ಕೆ ಜಾಗ ಮಾಡುವುದು ಕೂಡದೆಂದು ಮಗುವಿನ ನೋಟುಪುಸ್ತಕದಲ್ಲಿ ಕೆಂಪು ಅಕ್ಷರಗಳಲ್ಲಿ ಬರೆದಿತ್ತು.

ಆಮೇಲಿನ ನಾಲ್ಕು ತಿಂಗಳು ತೊಟ್ಟಿ ನೋಡಲು ಚೆಲುವಾಗಿರಲಿಲ್ಲ. ಹೊಸ ಕಲ್ಲುಗಳ ಬಿಳಿ ಮೈಮೇಲೆ ಮೊದಲು ಕಂದುಬಣ್ಣದ ಧೂಳಿನಂಥ ಪದರ ಬಂದಿತು, ಅದರ ಮೇಲೆ ಹಸುರು ಕೂದಲಿನಂಥ ಪಾಚಿ ಬಂದಿತು. ಹಳೆಯ ನೇರಳೆ ಬೆಟ್ಟದ ಪಕ್ಕದಲ್ಲಿ ಅದು ಕುಷ್ಠದ ಕಲೆಯಂತೆ ಕಾಣುತ್ತದೆಂದು ಶಿಷ್ಯರ ಪತ್ನಿ ಬೇಸರಪಟ್ಟರು. ಅಂಗಡಿಯಲ್ಲಿ ಸಿಗುವ ಔಷಧ ಹಾಕಿದರೆ ಪಾಚಿ ಸಾಯುವುದಂತೆ. ಹಾಕಲಿಲ್ಲ. ಹೊಸ ಬಸವನಹುಳುಗಳನ್ನು ಬಿಟ್ಟು, ಬೆಳಕಿನ ಹೊತ್ತನ್ನು ಕಡಿಮೆ ಮಾಡಿ, ಕೈಯಿಂದ ಕಿತ್ತು ತೆಗೆಯುತ್ತ ಕಾದರು. 2024ರ ಬೇಸಗೆಯಲ್ಲಿ ಹಳೆಯ ಕಲ್ಲು ಹೊಸ ಕಲ್ಲನ್ನು ಮುಟ್ಟುವ ಸಂದಿಯಲ್ಲಿ ಸಾಸಿವೆಯಷ್ಟು ನೇರಳೆ ಚುಕ್ಕೆಗಳು ಕಂಡವೆಂದು ಮಗು ರಾತ್ರಿ ಹತ್ತಕ್ಕೆ ಕರೆ ಮಾಡಿ ಹೇಳಿತು.

ಒಂದು ಶಂಕೆ ನಮ್ಮಲ್ಲಿ ಇಂದಿಗೂ ಉಳಿದಿದೆ. ಮುಚ್ಚುಮರೆ ಏಕೆ? ಕಡಲಿನ ಜೀವಿಗಳನ್ನು ಗಾಜಿನಲ್ಲಿ ಕೂಡಿಹಾಕುವುದು ಉಚಿತವೇ? ಪೂರ್ವದ ಕೆಲವು ದೇಶಗಳಲ್ಲಿ ಅಲಂಕಾರದ ಮೀನುಗಳನ್ನು ಮೂರ್ಛೆಗೊಳಿಸಿ ಹಿಡಿಯಲು ಹವಳದ ಸಂದುಗಳಿಗೆ ಸಯನೈಡು ಚಿಮುಕಿಸುವ ದುಷ್ಟ ಪದ್ಧತಿ ನಡೆದುಬಂದಿದೆ. ಶಿಷ್ಯರೊಡನೆ ಇದನ್ನು ಚರ್ಚಿಸಿದೆವು. ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲಿಯೇ ಮರಿಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ರೂಪಿಸಿದ್ದಾರೆ. ಇನ್ನು ಮೇಲೆ ತೊಟ್ಟಿಯಲ್ಲಿ ಹುಟ್ಟಿದವನ್ನಲ್ಲದೆ ಕಡಲಿನಿಂದ ಹಿಡಿದವನ್ನು ಕೊಳ್ಳುವುದಿಲ್ಲವೆಂದು ಅವರು ಹೇಳಿದ್ದಾರೆ. ನಮ್ಮ ಶಂಕೆ ಪೂರ್ಣವಾಗಿ ನಿವಾರಣೆಯಾಗಿಲ್ಲ. ಆದರೆ ನಾಲ್ಕು ಜೀವಿಗಳನ್ನು ಪ್ರೀತಿಯಿಂದ ಲಕ್ಷ್ಯವಿಟ್ಟು ಸಾಕುವ ಮಗುವಿಗೆ ಅವುಗಳನ್ನು ಅಲಕ್ಷ್ಯದಿಂದ ಕೊಂದವರು ಅಹಿಂಸೆಯ ಪಾಠ ಹೇಳುವ ಸ್ಥಿತಿಯಲ್ಲಿ ಇರಲಿಲ್ಲ.

ಅಂದು ಉಳಿದಿದ್ದ ಸಣ್ಣ ಕ್ಲೌನ್ ಮೀನು ಗಂಡು. ಈ ಜಾತಿಯಲ್ಲಿ ಹುಟ್ಟುವಾಗ ಎಲ್ಲವೂ ಗಂಡುಗಳೇ, ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಹೆಣ್ಣು ಸತ್ತರೆ ಉಳಿದ ಗಂಡೇ ಹೆಣ್ಣಾಗಿ ಮಾರ್ಪಡುತ್ತದೆ. ಅದಕ್ಕೊಂದು ಚಿಕ್ಕ ಜೊತೆಯನ್ನು ತಂದುಬಿಟ್ಟಿದ್ದರು. 2025ರ ಜನವರಿಯಲ್ಲಿ ಎಡಗಣ್ಣಿನ ಪೊರೆ ತೆಗೆಸಲು ಮತ್ತೆ ಅದೇ ಮನೆಗೆ ಹೋದಾಗ, ಹಳೆಯದು ಈಗ ದೊಡ್ಡದಾಗಿ ಚಿಕ್ಕದನ್ನು ಗದರಿಸುತ್ತ ಓಡಾಡುತ್ತಿತ್ತು. ಹೊಸ ಕಲ್ಲಿನ ನೆತ್ತಿಯ ಸಪಾಟಾದ ಜಾಗವನ್ನು ಎರಡೂ ಕೂಡಿ ಬಾಯಿಯಿಂದ ಉಜ್ಜಿ ಸ್ವಚ್ಛಮಾಡುತ್ತಿದ್ದವು. ಮೊಟ್ಟೆಯಿಡುವ ಮುನ್ನ ಹಾಗೆ ಮಾಡುತ್ತವಂತೆ. ಈ ಸಲ ಎರಡೂ ಕಣ್ಣು ತೆರೆದುಕೊಂಡು ಬಹಳ ಹೊತ್ತು ನೋಡಿದೆವು.

ದಾಸೋಹಮನೆಯ ಆ ಕಲ್ಲು ಏನಾಯಿತೆಂದು ಕೇಳಬಹುದು. ಅದನ್ನು ಹಿಂದಕ್ಕೆ ಒಯ್ಯುತ್ತೇವೆಂದು ಮೊದಲ ಸಲವೇ ಹೇಳಿದ್ದೆವು. ಅವರು ಕೊಡಲಿಲ್ಲ. ಅದೀಗ ತೊಟ್ಟಿಯ ಮುಂದೆ ನೆಲದ ಮೇಲೆ ಇದೆ. ತೊಟ್ಟಿಯ ಮುಚ್ಚಳ ಎತ್ತುವುದಕ್ಕೆ ಆಗ ಮಗುವಿಗೆ ಎರಡು ಬೆರಳಿನಷ್ಟು ಎತ್ತರ ಸಾಲುತ್ತಿರಲಿಲ್ಲ, ಆದ್ದರಿಂದ ಅದರ ಮೇಲೆ ನಿಂತು ಆಹಾರ ಹಾಕುತ್ತಿದ್ದಳು. ಈಗ ಅವಳು ಬೆಳೆದಿದ್ದಾಳೆ. ಕಲ್ಲಿಲ್ಲದೆಯೂ ಕೈ ಎಟಕುತ್ತದೆ. ಆದರೂ ನಾವು ಹೊರಡುವ ದಿನ ಬೆಳಗ್ಗೆ ಅದರ ಮೇಲೆ ನಿಂತೇ ಮೀನುಗಳಿಗೆ ಆಹಾರ ಹಾಕಿ, ಕೆಳಗಿಳಿದು, ನಮಗೂ ಒಂದು ಚಿಟಿಕೆ ಕೊಟ್ಟು ಹಾಕಿರೆಂದಳು.